ಮೂರು ಮೂಲೆ ಹೊಲಿದ ಕೌದಿ

ಮೇ ತಿಂಗಳ ಬಳ್ಳಾರಿಯಲ್ಲಿ ಕೌದಿಯ ಮಾತೆತ್ತಿದವರನ್ನು ಜನ ಒಂಥರಾ ನೋಡುತ್ತಾರೆ. ರಾತ್ರಿ ಮಾಳಿಗೆ ಮೇಲೆ ನೀರು ಚಿಮುಕಿಸಿ ಮಲಗುವ ಊರು ನಮ್ಮದು. ಆದರೂ ಎಪ್ಪತ್ತರ ದಶಕದ ಒಂದು ಬೇಸಿಗೆಯಲ್ಲಿ, ಸತ್ಯನಾರಾಯಣಪೇಟೆಯ ನಮ್ಮ ಬಾಡಿಗೆ ಮನೆಯಲ್ಲಿ ಕೂತು, ನಾನು ಹಗಲೆಲ್ಲ ಯೋಚಿಸಿದ್ದು ಒಂದು ಕೌದಿಯನ್ನೇ.

ಇಂಗ್ಲೆಂಡಿನಲ್ಲಿದ್ದ ಗೆಳತಿಯನ್ನು ನೋಡಲು ಹೊರಟಿದ್ದೆ. ಕುರುಗೋಡಿನ ಸಾಲೆಯಲ್ಲಿ ಒಂದೇ ಮಣೆಯ ಮೇಲೆ ಕೂತು ಕಲಿತವರು ನಾವು. ಅವಳು ಡಾಕ್ಟರನ್ನು ಮದುವೆಯಾಗಿ ಸಮುದ್ರ ದಾಟಿದಳು; ನಾನು ಬಳ್ಳಾರಿಯ ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ಗಣಿತದ ಟೀಚರಾಗಿ ಉಳಿದೆ. ಅಲ್ಲಿಗೆ ಹೋದ ಮೇಲೆ ಅವಳಿಗೆ ಎರಡು ಸಲ ಬಸಿರು ನಿಲ್ಲದೆ ಹೋಗಿತ್ತು. ಈಗ ಮೂರನೆಯದು, ಏಳು ತಿಂಗಳು ತುಂಬುತ್ತ ಬಂದಿತ್ತು. ಟಿಕೆಟ್ಟನ್ನು ತಾನೇ ಕಳಿಸಿ, ಜೊತೆಗೆ ಕಾಗದ ಬರೆದಿದ್ದಳು: ಬೇರೇನೂ ತರಬೇಡ, ಅವ್ವನ ಕೈಯ ಕೌದಿ ತಾ, ನನಗೆ ಹೆದರಿಕೆಯಾಗುತ್ತದೆ.

ಪಾಸ್‌ಪೋರ್ಟು ಬಂತು. ಚುಚ್ಚುಮದ್ದು ಹಾಕಿಸಿಕೊಂಡು ತೋಳು ಬಾತುಕೊಂಡಿತು. ಇವೆಲ್ಲ ಕಷ್ಟ, ಕೌದಿ ಸುಲಭ ಎಂದುಕೊಂಡು ಒಂದು ಭಾನುವಾರ ಬಾದನಹಟ್ಟಿಗೆ, ಅವಳ ಅವ್ವನ ಬಳಿಗೆ ಹೋದೆ. ಆ ಸುತ್ತಿನಲ್ಲಿ ಅವ್ವನ ಹಾಗೆ ಕೌದಿ ಹೊಲಿಯುವವರು ಇರಲಿಲ್ಲ. ಕಾಗದ ಓದಿ ಹೇಳಿದೆ. ಅವ್ವ ಮೊರದಲ್ಲಿದ್ದ ಜೋಳ ಹಸನು ಮಾಡುವುದನ್ನು ನಿಲ್ಲಿಸಲಿಲ್ಲ.

"ಹೊಲಿಯಂಗಿಲ್ಲಬೇ," ಎಂದರು.

"ಯಾಕವ್ವ?"

"ಎರಡ ಸಲ ಹೊಲದೀನಿ. ಎರಡೂ ಪೆಟ್ಟಿಗ್ಯಾಗ ಅದಾವ. ಕೂಸು ಕಣ್ಣ ಬಿಡಾಕ ಮೊದ್ಲ ಕೌದಿ ಹೊಲದದ್ದು ನನ್ನ ತಪ್ಪು. ಇನ್ನ ಸೂಜಿ ಮುಟ್ಟಂಗಿಲ್ಲ."

ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ. ಓದಿದವಳೆಂಬ ಜಂಬ ಬೇರೆ. ಕೌದಿಗೂ ಬಸಿರಿಗೂ ಏನು ಸಂಬಂಧ ಎಂದು ಅರ್ಧ ತಾಸು ವಾದ ಮಾಡಿದೆ. ಅವರು ಎಲ್ಲ ಕೇಳಿಸಿಕೊಂಡು, ಒಂದು ಚೊಂಬು ಮಜ್ಜಿಗೆ ಕೊಟ್ಟು ಬಸ್ಸಿಗೆ ಕಳಿಸಿದರು. ಗೆಳತಿಗೆ ಏನೆಂದು ಬರೆಯಲಿ? ನಿನ್ನ ಅವ್ವನಿಗೂ ನಿನ್ನಷ್ಟೇ ಹೆದರಿಕೆ ಎಂದು ಬರೆಯಲು ಆಗುತ್ತದೆಯೇ? ಎರಡು ಸಲ ಪೆನ್ನು ಹಿಡಿದು ಎರಡು ಸಲವೂ ಕೆಳಗಿಟ್ಟೆ.

ಮುಂದಿನ ಭಾನುವಾರ ಮತ್ತೆ ಹೋದೆ. ಈ ಸಲ ವಾದ ಮಾಡಬಾರದೆಂದು ನಿರ್ಧರಿಸಿದ್ದೆ. ಹೋಗಿ ನೋಡಿದರೆ ಪಡಸಾಲೆ ತುಂಬ ಹಳೆಯ ಸೀರೆಗಳು. ಅವ್ವನ ಇಳಕಲ್ಲು, ಗೆಳತಿ ಕಾಲೇಜಿಗೆ ಉಡುತ್ತಿದ್ದ ಹಸಿರು ವಾಯಿಲ್, ಎಲ್ಲ ಹರಿದು ಪದರ ಪದರವಾಗಿ ಹಾಸಿದ್ದರು.

"ಮೂರು ಮೂಲಿ ನಾ ಹೊಲಿತೀನಿ," ಎಂದರು ಅವ್ವ. "ನಾಕನೇದು ಬಾಯಿ ಬಿಟ್ಟಿರ್ತೀನಿ. ಕೂಸು ಅತ್ತ ಮ್ಯಾಲೆ ನೀ ಹೊಲಿ. ಅಲ್ಲಿತನ ಅದು ಕೌದಿ ಅಲ್ಲ, ಬರೇ ಅರಿಬಿ."

ಕೌದಿ ಮುಗಿಸುವಾಗ ಅವ್ವ ಮೂಲೆಮೂಲೆಗೂ ನಾಲ್ಕು ಕಾಳು ಇಟ್ಟು ಹೊಲಿಯುತ್ತಿದ್ದರು. ಹಸಿದ ಕೌದಿ ಹೊದ್ದವರಿಗೆ ನಿದ್ದೆ ಬರುವುದಿಲ್ಲವಂತೆ. ಕೊನೆಯ ಮೂಲೆಗೆ ಕಾಳು ಬಿದ್ದು ದಾರ ಕಡಿದ ಮೇಲೆಯೇ ಅದು ಮುಗಿದ ಲೆಕ್ಕ. ಆ ಲೆಕ್ಕವನ್ನೇ ಹಿಡಿದು ಮುದುಕಿ ವಿಧಿಯ ಕಣ್ಣಿಗೆ ಮಣ್ಣೆರಚಲು ಹೊರಟಿದ್ದರು. ವಾರವಿಡೀ ಯೋಚಿಸಿ ಇಷ್ಟು ಕಂಡುಕೊಂಡಿದ್ದರಲ್ಲ ಎಂದು ನನಗೆ ಅಳು ಬಂತು. ಸೆರಗಿನಿಂದ ಬೆವರೊರೆಸಿದ ಹಾಗೆ ಮಾಡಿದೆ.

ಆದರೆ ನಾನು ಹೊಲಿಯಬೇಕಲ್ಲ! ಮೂರು ಭಾನುವಾರ ಅವ್ವ ಕಲಿಸಿದರು. ಸೂಜಿ ಮೊಂಡಾಗಿದೆ ಎಂದರೆ, "ಕುಣ್ಯಾಕ ಬರದಾಕಿ ನೆಲ ಡೊಂಕು ಅಂದ್ಲಂತ," ಎನ್ನುತ್ತಿದ್ದರು. ನಾನು ಹಾಕಿದ ಹೊಲಿಗೆಯನ್ನು ಬಿಚ್ಚಿ ಬಿಚ್ಚಿ ಹಾಕಿಸಿದರು. ನನ್ನ ಕೈಯಲ್ಲಿ ಕೆಂಪು ಮಸಿಯ ಗುರುತು ತಿಂದ ಹುಡುಗಿಯರೆಲ್ಲ ನೆನಪಿಗೆ ಬಂದರು.

ಕೌದಿ ನನ್ನ ಕೈಗೆ ಬಂದ ಮೇಲೆ ತೂಕದ ಚಿಂತೆ ಹತ್ತಿತು. ವಿಮಾನಕ್ಕೆ ಇಪ್ಪತ್ತು ಕಿಲೋ, ಅದರ ಮೇಲೆ ಬಿಡುವುದಿಲ್ಲ. ಸಿರುಗುಪ್ಪದ ಅಕ್ಕಿ ಗಿರಣಿಯೊಂದರಲ್ಲಿ ನಮ್ಮಣ್ಣ ಗುಮಾಸ್ತನಾಗಿದ್ದ. ಹೇಗೂ ಹೇಳಿ ಬರಬೇಕಿತ್ತು. ಸೂಟ್‌ಕೇಸನ್ನೂ ಬಸ್ಸಿನಲ್ಲಿ ಹೊತ್ತೊಯ್ದೆ. ಅಣ್ಣ ಕೌದಿ ನೋಡಿ ನಕ್ಕ.

"ವಿಮಾನದಾಗ ಕೌದಿ ಒಯ್ಯಾಕಿ ನೀ ಒಬ್ಬಾಕೀನ ಇರ್ಬೇಕು ತಂಗಿ. ಸಿರುಗುಪ್ಪಿ ಅಕ್ಕಿ ಒಯ್ಯಿ, ನಾಲಿಗಿಗೆ ನೆನಪಿರ್ತೈತಿ," ಎಂದು ಎರಡು ಕಿಲೋ ಸಣ್ಣಕ್ಕಿಯ ಗಂಟನ್ನು ತಾನೇ ಒಳಗೆ ತುರುಕಿದ.

ಗಿರಣಿಯಲ್ಲಿ ಭತ್ತದ ಚೀಲ ತೂಗುವ ತಾತ ಇದ್ದ. ಸೂಟ್‌ಕೇಸನ್ನು ಕಾಟಾದ ಮೇಲೆ ಮಲಗಿಸಿ, ಗುಂಡು ಸರಿಸಿ, ಊರಿಗೆಲ್ಲ ಕೇಳುವ ಹಾಗೆ ಕೂಗಿದ: "ಇಪ್ಪತ್ತು!" ಒಂದು ತೊಲೆ ಹೆಚ್ಚಿಲ್ಲ, ಕಡಿಮೆಯಿಲ್ಲ. ನಾನು ಹಿಗ್ಗಿ ಹೀರೇಕಾಯಿಯಾಗಿ ಬಳ್ಳಾರಿಗೆ ಮರಳಿದೆ.

ಹೊರಡುವ ದಿನ ಅವ್ವ ಬೆಳಗಿನ ಬಸ್ಸಿಗೇ ಬಂದಿದ್ದರು. ಒಂದು ಚಿಂದಿಯಲ್ಲಿ ನಾಲ್ಕನೆಯ ಮೂಲೆಗಿಡುವ ಜೋಳ ಗಂಟು ಕಟ್ಟಿ ತಂದು ನನ್ನ ಸೆರಗಿಗೆ ಬಿಗಿದರು. ಮಧ್ಯಾಹ್ನದ ಊಟಕ್ಕೆ ಕೂತಿದ್ದೆವು, ಅಣ್ಣ ಬೆವರು ಸುರಿಸುತ್ತ ಓಡಿ ಬಂದ.

"ಲೇ ತಂಗಿ, ಅದು ಇಪ್ಪತ್ತಲ್ಲ. ಇಪ್ಪತ್ತೆರಡು."

ಅಣ್ಣ ಆ ಬೆಳಿಗ್ಗೆ ಗಿರಣಿಯಲ್ಲಿ, ನಮ್ಮ ತಂಗಿಯ ಪೆಟ್ಟಿಗೆ ಕರಾರುವಾಕ್ಕಾಗಿ ಇಪ್ಪತ್ತು ಎಂದು ಜಂಬ ಕೊಚ್ಚಿದನಂತೆ. ತಾತ ತಣ್ಣಗೆ, "ಚೀಲದ್ದು ಒಂದು, ಮಣ್ಣು ತೇವದ್ದು ಒಂದು ಕಳದ ಹೇಳೀನಲ್ರಿ," ಎಂದನಂತೆ. ಜೀವಮಾನವೆಲ್ಲ ಭತ್ತದ ಚೀಲಕ್ಕೆ ಎರಡು ಕಿಲೋ ಕಳೆದು ಕೂಗಿದ ಬಾಯಿ ಅದು. ನನ್ನ ಸೂಟ್‌ಕೇಸಿಗೂ ಚೀಲ, ಮಣ್ಣು, ತೇವ ಎಲ್ಲ ಕಳೆದಿದ್ದ. ಮುಳ್ಳನ್ನು ನಾನೇ ಬಗ್ಗಿ ನೋಡಬಹುದಿತ್ತು. ಗಣಿತದ ಟೀಚರು, ನೋಡಲಿಲ್ಲ.

ರೈಲಿಗೆ ಮೂರು ತಾಸು ಉಳಿದಿತ್ತು. ಪಡಸಾಲೆಯ ನಡುವೆ ಸೂಟ್‌ಕೇಸು ಬಾಯಿ ತೆರೆದುಕೊಂಡು ಬಿದ್ದಿತ್ತು. ಅವ್ವ ಎದ್ದು ಬಂದು ಮೇಲಿದ್ದ ಕೌದಿಯನ್ನು ಎತ್ತಿಕೊಂಡರು. ಎತ್ತಿಕೊಂಡು ಮಡಿಚತೊಡಗಿದರು.

"ಇರ್ಲಿ ಬಿಡಬೇ. ಅದರ ಹಣ್ಯಾಗ ಹೋಗೋದು ಬರದಿಲ್ಲ. ಮೂರನೇದೂ ಪೆಟ್ಟಿಗ್ಯಾಗ ಇರ್ಲಿ."

ಅಷ್ಟರಲ್ಲಿ ಅಣ್ಣ, ಕೌದಿಯನ್ನು ನೋಡಿ ನಕ್ಕಿದ್ದ ಅದೇ ಅಣ್ಣ, ಮಂಡಿಯೂರಿ ಕೂತು ತನ್ನ ಅಕ್ಕಿಯ ಗಂಟನ್ನು ಹೊರಗೆಳೆದ.

"ಅಕ್ಕಿ ಅಲ್ಲೂ ಸಿಗತಾವವ್ವ. ಕೌದಿ ಎಲ್ಲಿ ಸಿಗಬೇಕು? ಕೊಡ್ರಿ ಇಲ್ಲಿ," ಎಂದು ಅವರ ಕೈಯಿಂದ ಕೌದಿಯನ್ನು ಇಸಿದುಕೊಂಡು ಅಕ್ಕಿ ಇದ್ದ ಜಾಗದಲ್ಲಿ ಇಟ್ಟು, ಮುಚ್ಚಳ ಒತ್ತಿ ಕೀಲಿ ಹಾಕಿಬಿಟ್ಟ. ನಮ್ಮಣ್ಣನನ್ನು ನಾನು ಬದುಕಿನಲ್ಲಿ ಬಹಳ ಸಲ ಬೈದಿದ್ದೇನೆ. ಆ ದಿನದ ನಂತರ ಸ್ವಲ್ಪ ಕಡಿಮೆ ಮಾಡಿದೆ.

ಗುಂತಕಲ್ಲಿನಲ್ಲಿ ರೈಲು ಬದಲಿಸಿ ಬೊಂಬಾಯಿ ಮುಟ್ಟಿದೆ. ವಿಮಾನ ನಿಲ್ದಾಣದ ತಕ್ಕಡಿಯ ಮುಳ್ಳನ್ನು ಈ ಸಲ ನಾನೇ ಬಗ್ಗಿ ನೋಡಿದೆ. ಇಪ್ಪತ್ತು. ಅಲ್ಲಿದ್ದವನಿಗೆ ನಾನು ಯಾಕೆ ಅಷ್ಟು ನಕ್ಕೆನೆಂದು ತಿಳಿದಿರಲಾರದು.

ನಾನು ಹೋದ ಎರಡನೆಯ ವಾರ ಹೆಣ್ಣು ಕೂಸು ಹುಟ್ಟಿತು. ಆಸ್ಪತ್ರೆಯಿಂದ ಮನೆಗೆ ತಂದ ದಿನ, ಅದು ಊರು ಕಿತ್ತುಹೋಗುವ ಹಾಗೆ ಅಳುತ್ತಿದ್ದಾಗ, ಕಿಟಕಿಯ ಪಕ್ಕ ಕೂತು ಬಾದನಹಟ್ಟಿಯ ಜೋಳವನ್ನು ನಾಲ್ಕನೆಯ ಮೂಲೆಗೆ ಇಟ್ಟು ಹೊಲಿದೆ. ಎರಡು ಸಲ ಬೆರಳಿಗೆ ಚುಚ್ಚಿಕೊಂಡೆ. ದಾರವನ್ನು ಹಲ್ಲಿನಿಂದ ಕಡಿದು ಕೊಟ್ಟವಳು ಗೆಳತಿ. ಅಷ್ಟು ದಿನದ ಹೆದರಿಕೆ ಆಗ ನಮ್ಮಿಬ್ಬರಿಂದಲೂ ಇಳಿದುಹೋಯಿತು; ಕೂಸಿನ ಜೊತೆ ನಾವೂ ಅತ್ತೆವು.

ಜೂನಿನ ಕೊನೆಗೆ ಊರಿಗೆ ಬಂದವಳೇ ಬಾದನಹಟ್ಟಿಗೆ ಹೋದೆ. ಕಾಗದ ಮುಂಚೆಯೇ ಮುಟ್ಟಿತ್ತು. ಆದರೂ ಅವ್ವ ನನ್ನ ಬೆರಳುಗಳನ್ನು ಹಿಡಿದು ತಿರುಗಿಸಿ ನೋಡಿದರು.

"ಸೊಟ್ಟ ಹೊಲದಿರ್ಬೇಕು."

"ಹೌದವ್ವ. ಬಾಳ ಸೊಟ್ಟ."

"ಇರ್ಲಿ. ದಾರ ಕಡದ್ರ ಆತು."

ಊಟವಾದ ಮೇಲೆ, ಬಿಸಿಲಿಗೆ ದಣಿದಿದ್ದೀ, ಮಲಗು ಎಂದರು. ಒಳಗಿನಿಂದ ಪೆಟ್ಟಿಗೆಯ ಮುಚ್ಚಳದ ಸದ್ದು ಬಂತು. ಎರಡು ಸಣ್ಣ ಕೌದಿಗಳನ್ನು ತಂದು, ಒಂದನ್ನು ಹೊರಸಿನ ಮೇಲೆ ಹಾಸಿ, ಇನ್ನೊಂದನ್ನು ಮಡಿಚಿ ನನ್ನ ತಲೆಯ ಕೆಳಗೆ ಇಟ್ಟರು.