ಹೊಗೆ ವಾಸನೆಯಿಲ್ಲದ ಚಹಾ

ಮಲ್ಲಮ್ಮ ಸೌದೆಯನ್ನು ಮೂಸಿ ನೋಡದೆ ಒಲೆಗೆ ಹಾಕಿದವರಲ್ಲ. ನಾಚಾರಂ ಕಾರ್ಖಾನೆಗಳವರು ಬಿಸಾಡಿದ ಪೆಟ್ಟಿಗೆಗಳ ಹಲಗೆಗಳನ್ನು ಹೊತ್ತು ತಂದು, ಶೆಡ್ಡಿನ ಮುಂದೆ ಕೂತು ಒಂದೊಂದನ್ನೇ ಮೂಗಿಗೆ ಹಿಡಿಯುತ್ತಿದ್ದರು. “ಇದು ಎಣ್ಣಿ ಕುಡದೈತಿ. ಇದರಾಗ ಸುಟ್ಟ ರೊಟ್ಟಿ ನಾಯಿನೂ ತಿನ್ನಂಗಿಲ್ರಿ,” ಎಂದು ಒಂದನ್ನು ಆಚೆ ಎಸೆಯುತ್ತಿದ್ದರು. ಬಣ್ಣ ಬಳಿದದ್ದಕ್ಕೂ ಅದೇ ಗತಿ.

ಯಾದಗಿರಿ ಕಡೆಯಿಂದ ಮಗ, ಸೊಸೆಯ ಜೊತೆ ಕಟ್ಟಡದ ಕೆಲಸಕ್ಕೆ ಬಂದವರು. ನಾನು ಮೈಸೂರಿನವಳು, ತಾರ್ನಾಕದಲ್ಲಿ ಬಾಡಿಗೆಗಿದ್ದೇನೆ. ತೆಲುಗು ಮಾತಿನ ಈ ಊರಲ್ಲಿ ಒಮ್ಮೆ ಅವರು ಇಟ್ಟಿಗೆ ಹೊರುತ್ತಾ ಸೊಸೆಯನ್ನು ಕನ್ನಡದಲ್ಲಿ ಬೈಯುವುದನ್ನು ಕೇಳಿ ಖುಷಿಯಾಗಿ ನಿಂತೆ. ಅಂದಿನಿಂದ ಪ್ರತಿ ಭಾನುವಾರ ಅವರ ರೊಟ್ಟಿಗೆ ನಾನೇ ಖಾಯಂ ಗಿರಾಕಿ. ರೊಟ್ಟಿ ತಿಂದು ನಾನು ದಪ್ಪಗಾದೆ. ಅವರ ಕೆಮ್ಮು ಮಾತ್ರ ಹೆಚ್ಚುತ್ತಲೇ ಹೋಯಿತು.

“ಡಾಕ್ಟರ ಒಲಿ ಬಂದ್ ಮಾಡು ಅಂತಾನ್ರಿ. ಹೊಟ್ಟಿಗೂ ಅವನ ಔಷಧನೇ ಕುಡೀಲೇನು?”

ಶೆಡ್ಡಿಗೆ ವಿಳಾಸವಿಲ್ಲದ್ದರಿಂದ ದೊಡ್ಡ ಸಿಲಿಂಡರ್ ಸಿಗಲಿಲ್ಲ. ನಾನೇ ಓಡಾಡಿ ಒಂದು ಚಿಕ್ಕ ಸಿಲಿಂಡರ್, ಒಂಟಿ ಬರ್ನರಿನ ಸ್ಟೌ ಕೊಡಿಸಿದೆ. ಆಮೇಲೆ ಹೋದಾಗಲೆಲ್ಲ ರೊಟ್ಟಿ ಆಗಲೇ ಬಟ್ಟೆಯಲ್ಲಿ ಸುತ್ತಿಟ್ಟಿರುತ್ತಿತ್ತು. ನಾನು ಕೂತ ಕೂಡಲೇ ನೀಲಿ ಉರಿಯ ಮೇಲೆ ಚಹಾ ಕುದಿಯುತ್ತಿತ್ತು.

“ಕುಡೀರಿ ಅಕ್ಕಾರ. ಹೊಗಿ ವಾಸನಿ ಇಲ್ಲದ ಚಾ.”

ಮೂಲೆಯಲ್ಲಿ ಹಲಗೆ ರಾಶಿ ಇನ್ನೂ ಯಾಕೆಂದು ಕೇಳಿದ್ದಕ್ಕೆ, “ಗ್ಯಾಸ್ ತೀರಿದರ ಇರಲಿ ಅಂತ್ರಿ,” ಎಂದಿದ್ದರು. ಸುಳ್ಳೇಕೆ ಹೇಳಲಿ, ಒಂದು ಜೀವ ಉಳಿಸಿದೆನೆಂದು ನಾನು ಬೀಗಿದ್ದೆ.

ಚಳಿಗಾಲದಲ್ಲಿ ಮಲ್ಲಮ್ಮನಿಗೆ ಉಸಿರಾಡುವುದೇ ಕಷ್ಟವಾಗಿ ಮಗ ಊರಿಗೆ ಕರೆದೊಯ್ದ. ಅಲ್ಲೇ ತೀರಿಕೊಂಡರು.

ಮತ್ತೆ ಕೆಲಸಕ್ಕೆ ಬಂದ ಸೊಸೆ ದೇವಕ್ಕ, ನಾನು ಮಾತಾಡಿಸಲು ಹೋದಾಗ ಸಿಲಿಂಡರನ್ನು ತಂದು ನನ್ನ ಮುಂದಿಟ್ಟಳು. “ಅತ್ತಿ ಇದನ್ನ ನಿಮಗ ಮುಟ್ಟಸು ಅಂದಿದ್ರು.”

ಖಾಲಿಯಿರಬೇಕೆಂದು ಒಂದೇ ಕೈಯಲ್ಲಿ ಎತ್ತಹೋದೆ. ಭುಜ ಜಗ್ಗಿತು.

“ಯಾವಾಗ ತುಂಬಿಸಿದಿರಿ?”

“ತುಂಬಿಸೇ ಇಲ್ರಿ. ನೀವು ಬಂದಾಗ ಅಷ್ಟೇ ಹಚ್ಚತಿದ್ರು. ರೊಟ್ಟಿಗೆ ಹಚ್ಚಿ ತೀರಿಸಿದರ, ಅಕ್ಕಾರ ಬಂದಾಗ ಚಾ ಹೆಂಗ ಕಾಸೂದು ಅಂತಿದ್ರು.”

ಒಂದೇ ಒಂದು ಭಾನುವಾರ ಒಂದು ಗಂಟೆ ಮೊದಲು ಬಂದಿದ್ದರೆ ಆ ಹೊಗೆ ಕಾಣುತ್ತಿತ್ತು. ದೇವಕ್ಕನ ಒಲೆಯಲ್ಲಿ ಹಲಗೆ ಉರಿಯುತ್ತಿತ್ತು. ಸಿಲಿಂಡರನ್ನು ಅವಳ ಕಡೆಗೇ ತಳ್ಳಿದೆ.

“ಇದರ ಮೇಲೆ ರೊಟ್ಟಿ ಮಾಡು ದೇವಕ್ಕ. ನಾನು ಬಂದರೆ ನೀರು ಕೊಡು, ಸಾಕು.”