ಅಕ್ಕಿ ಡಬ್ಬಿಯೊಳಗಿನ ಲಂಗೋಟಿ

ಓಟದ ಅಭ್ಯಾಸ ಮುಗಿಸಿ ಬಂದ ಮಗಳು ಶಿವಬಸವ ನಗರದ ನಮ್ಮ ಮನೆಯ ಮೆಟ್ಟಿಲ ಮೇಲೆ ಕುಳಿತು ಕಾಲಿಗೆ ನೋವಿನ ಎಣ್ಣೆ ತಿಕ್ಕುತ್ತಿದ್ದಳು. ಆ ವಾಸನೆ ನನ್ನನ್ನು ಖಾನಾಪುರದ ಅಜ್ಜಿಯ ಅಡುಗೆಮನೆಗೆ ಎಳೆದೊಯ್ದಿತು.

ನನ್ನ ಕಾಕಾ ಪೈಲ್ವಾನ. ಒಮ್ಮೆ ಕುಸ್ತಿಯ ಹಿಂದಿನ ದಿನವೂ ಬಿಡದೆ ಬೈಠಕ್ ಹೊಡೆದು, ಮರುದಿನ ಅಖಾಡದಲ್ಲಿ ಮೀನಖಂಡ ಹಿಡಿದುಕೊಂಡು ಕುಸಿದ. ಎದುರಾಳಿ ಅವನ ಮೈಮೇಲೆ ಬಿದ್ದ ಭಾರಕ್ಕೆ ಭುಜ ಮುರಿಯಿತು. ಅಂದಿನಿಂದ ಕುಸ್ತಿ ಹತ್ತಿರ ಬಂದರೆ ಸಾಕು, ಅಜ್ಜಿ ಅವನ ಒಗೆದ ಲಂಗೋಟಿಯನ್ನು ಅಕ್ಕಿ ಡಬ್ಬಿಯೊಳಗೆ ಹುಗಿದು, ಡಬ್ಬಿಯ ಮೇಲೆ ತಾನೇ ಕೂರುತ್ತಿದ್ದಳು. ಲಂಗೋಟಿಯಿಲ್ಲದೆ ತಾಲೀಮಿನ ಮಣ್ಣಿಗೆ ಇಳಿಯುವಂತಿರಲಿಲ್ಲ.

"ಅವ್ವಾ, ತಾಲೀಮ ಬಿಟ್ರ ಕಾಲು ಜಡ ಆಗತಾವ. ಕೊಡು," ಎಂದು ಕಾಕಾ ಗುರುಗುಟ್ಟುತ್ತಿದ್ದ.

"ದಣದ ಎತ್ತಿನ್ನ ಶರ್ಯತ್ತಿಗೆ ಹೂಡತಾರೇನ? ಇಲ್ಲಿ ಬಾ."

ನೋವಿನ ಎಣ್ಣೆ ಹಚ್ಚಿದ ಅವನ ತೊಡೆಯ ಮೇಲೆ ಅಂಗೈ ಊರಿ ಕಣ್ಣು ಮುಚ್ಚುತ್ತಿದ್ದಳು. ಚರ್ಮದ ಕೆಳಗೆ ಖಂಡ ತಾನಾಗಿ ಅದುರುತ್ತಿದ್ದರೆ ಕಾಲಿನ ದಣಿವು ಆರಿಲ್ಲವೆಂದು ಲೆಕ್ಕ; ಲಂಗೋಟಿ ಸಿಗುತ್ತಿರಲಿಲ್ಲ. ನಾವು ಮಕ್ಕಳು ಉಸಿರು ಬಿಗಿಹಿಡಿದು ನೋಡುತ್ತಿದ್ದೆವು.

ಭುಜ ಕೂಡಿದ ಮೇಲಿನ ಮೊದಲ ದೊಡ್ಡ ಕುಸ್ತಿಯ ಬೆಳಿಗ್ಗೆ ಅಜ್ಜಿ ಬಹಳ ಹೊತ್ತು ಕೈ ತೆಗೆಯಲೇ ಇಲ್ಲ.

"ಇನ್ನೂ ನಡಗಾಕತ್ತೈತಿ," ಅಂದಳು.

ಕಾಕಾ ಆ ಕೈಯನ್ನು ಮೆಲ್ಲಗೆ ಎತ್ತಿ ಹಿಡಿದ. "ನನ್ನ ಕಾಲಲ್ಲವ್ವಾ, ನಿನ್ನ ಕೈ."

ಅಜ್ಜಿ ಡಬ್ಬಿಯ ಮೇಲಿಂದ ಎದ್ದಳು.

ನಾಳೆ ನನ್ನ ಮಗಳ ಓಟದ ಸ್ಪರ್ಧೆ. "ಸಂಜಿಕ ಇನ್ನೊಂದ ಸುತ್ತು ಹೊಡೀತೀನಿ ಮಮ್ಮಿ," ಅಂದಳು. ಪಕ್ಕದಲ್ಲಿ ಕುಳಿತು ಅವಳ ಮೀನಖಂಡದ ಮೇಲೆ ಕೈಯಿಟ್ಟೆ. ನಡುಕ ಇತ್ತು. ಅದು ಯಾರದೆಂದು ಅವಳು ನೋಡುವ ಮೊದಲೇ ಅವಳ ಬೂಟು ಎತ್ತಿಕೊಂಡು ಒಳಗೆ ನಡೆದೆ.