ಒಂದೂವರೆ ಕಿಲೋಮೀಟರ್ ಹಿಂದೆ

ಅಜ್ಜಂಪುರದಲ್ಲಿ ರೈಲ್ವೆ ಸ್ಟೇಷನ್ ಕಡೆ ಹೋಗುವ ರಸ್ತೆಯಲ್ಲಿ ಓಂಕಾರೇಶನ ಮೋಟಾರ್ ವೈಂಡಿಂಗ್ ಅಂಗಡಿ ಇದೆ. ಸುಟ್ಟ ಪಂಪ್‌ಸೆಟ್ ಮೋಟಾರಿನ ಹಳೆಯ ತಂತಿ ಬಿಚ್ಚಿ, ಹೊಸ ತಾಮ್ರದ ತಂತಿ ಸುತ್ತಿಕೊಡುವುದು ಅವನ ಕೆಲಸ. ಇಪ್ಪತ್ನಾಲ್ಕು ವರ್ಷದಿಂದ ಇದನ್ನೇ ಮಾಡುತ್ತಿದ್ದಾನೆ. ಸುತ್ತು ಎಣಿಸುವಾಗ ಅವನನ್ನು ಯಾರೂ ಮಾತಾಡಿಸುವುದಿಲ್ಲ. ಮಾತಾಡಿಸಿದರೂ ಉತ್ತರ ಬರುವುದಿಲ್ಲ, ತುಟಿ ಮಾತ್ರ ಅಲುಗುತ್ತಿರುತ್ತದೆ. ಎಣಿಕೆ ತಪ್ಪಿದ ಮೋಟಾರು ಓಡದೆ ಇರುವುದಿಲ್ಲ. ಓಡುತ್ತದೆ, ಬಿಸಿಯಾಗುತ್ತದೆ, ಒಂದು ಬೇಸಿಗೆಯೊಳಗೆ ಮತ್ತೆ ಸುಟ್ಟು ಅದೇ ಅಂಗಡಿಗೆ ಬರುತ್ತದೆ. ಹಾಗೆ ವಾಪಸು ಬಂದವು ಇಷ್ಟು ವರ್ಷದಲ್ಲಿ ಎರಡೋ ಮೂರೋ.

ಯುಗಾದಿಗೆ ಮುಂಚೆ ಹತ್ತು ದಿನ ಅವನು ಅಂಗಡಿ ಮುಚ್ಚುತ್ತಿದ್ದ. ಶ್ರೀಶೈಲದ ಪಾದಯಾತ್ರೆಗೆ ಜನರನ್ನು ಕರೆದೊಯ್ಯುವ ಜವಾಬ್ದಾರಿ ತಂದೆಯಿಂದ ಅವನಿಗೆ ಬಂದಿತ್ತು. ಅಜ್ಜಂಪುರ, ಶಿವನಿ, ಚೌಳಹಿರಿಯೂರು, ಯಗಟಿ ಕಡೆಯವರೆಲ್ಲ ಸೇರಿ ಇಪ್ಪತ್ತಮೂರು ಜನ. ಆಂಧ್ರದ ಕಾಡಿನ ಅಂಚಿನವರೆಗೆ ಬಸ್ಸು. ಅಲ್ಲಿಂದ ನಲ್ಲಮಲ ಕಾಡಿನೊಳಗೆ ನಾಲ್ಕು ದಿನ ನಡಿಗೆ. ಮುಂದೆ ಒಬ್ಬರು ಕಂಬಿ ಹೊರುತ್ತಾರೆ, ಅಂದರೆ ಶ್ರೀಶೈಲದ ದೇವರು ಮಲ್ಲಯ್ಯನ ಹೆಸರಿನಲ್ಲಿ ಬಟ್ಟೆ, ಹೂವು ಕಟ್ಟಿದ ಕೋಲು. ಈ ತಂಡದಲ್ಲಿ ಹಳಬರ ಕಾಲದಿಂದ ಒಂದು ಕಟ್ಟಳೆ ಇತ್ತು. ಕಂಬಿ ಹೆಗಲಿಗೇರಿದ ಮೇಲೆ ಯಾರೂ ಹಿಂದಕ್ಕೆ ನಡೆಯುವಂತಿಲ್ಲ. ಟವೆಲ್ ಮರೆತರೆ ಮರೆತಂತೆಯೇ. ಯಗಟಿಯ ನಂಜುಂಡಪ್ಪನವರು ಒಂದು ವರ್ಷ ತಮ್ಮ ಹಲ್ಲಿನ ಸೆಟ್ಟನ್ನು ತೊರೆಯ ದಂಡೆಯ ಬಂಡೆ ಮೇಲೆ ಬಿಟ್ಟು ಬಂದು, ಕೂಗಳತೆಯಲ್ಲೇ ಇದ್ದರೂ ಹಿಂದಿರುಗದೆ, ಶ್ರೀಶೈಲದವರೆಗೆ ಬರೀ ಮಜ್ಜಿಗೆ ಅನ್ನ ಉಂಡಿದ್ದರು.

ಎರಡು ವರ್ಷದ ಹಿಂದೆ, ಕಾಡಿನ ಮೂರನೇ ದಿನ, ಮಧ್ಯಾಹ್ನ ಎರಡು ಗಂಟೆ ಐದು ನಿಮಿಷಕ್ಕೆ ಶಿವನಿಯ ಕೊಬ್ಬರಿ ವ್ಯಾಪಾರಿ ಷಣ್ಮುಖಪ್ಪನವರು ಎದೆ ಹಿಡಿದುಕೊಂಡು ಕುಳಿತರು. ಅರವತ್ಮೂರು ವರ್ಷ. ಮರದಡಿ ಮಲಗಿಸಿದರು. ಯಾರ ಫೋನಿಗೂ ರೇಂಜ್ ಇರಲಿಲ್ಲ. ಯಗಟಿಯ ಧರ್ಮೇಶ್, ಚೆನ್ನಾಗಿ ಓಡಬಲ್ಲವನು, ಕೇಳಿದ:

"ಓಂಕಾರಣ್ಣ, ಹಿಂದಕ್ಕೆ ಹೋಗಿ ನೋಡ್ಲಾ?"

"ಹಿಂದಕ್ ಯಾಕೋ? ಮುಂದಕ್ ಓಡು!"

ಧರ್ಮೇಶ್ ಮುಂದಕ್ಕೆ ಓಡಿದ. ಕಲ್ಲುದಾರಿಯಲ್ಲಿ ಏರಿ ಇಳಿದು ಅವನಿಗೆ ರೇಂಜ್ ಸಿಕ್ಕಾಗ ನಾಲ್ಕೂಕಾಲು. ಫೋನು ಮಾಡಿದ ಮೇಲೆ ಜೀಪು ಬರಲು ಒಂದು ಗಂಟೆ. ಷಣ್ಮುಖಪ್ಪನವರು ನಾಲ್ಕಕ್ಕೆ ಹತ್ತು ನಿಮಿಷ ಇರುವಾಗಲೇ ತೀರಿಕೊಂಡಿದ್ದರು.

ಊರಿಗೆ ಬಂದು ಕಾರ್ಯವೆಲ್ಲ ಮುಗಿದ ಮೇಲೆ ಓಂಕಾರೇಶ ತನ್ನ ಫೋನು ನೋಡುತ್ತಾ ಕುಳಿತಿದ್ದ. ಆ ದಿನದ ಒಂದು ಮೆಸೇಜ್ ಇತ್ತು: ತಾಮ್ರದ ತಂತಿಯ ಪಾರ್ಸೆಲ್ ಕಡೂರಿಗೆ ಬಂದಿದೆ ಎಂದು. ಬಂದ ಹೊತ್ತು ಒಂದು ಮೂವತ್ತೊಂಬತ್ತು. ಫೋಟೋಗಳನ್ನು ತೆರೆದ. ಒಂದು ಮೂವತ್ತೆಂಟಕ್ಕೆ ತೆಗೆದ ಚಿತ್ರದಲ್ಲಿ ಎಲ್ಲರೂ ಒಂದು ಗುಡ್ಡದ ನೆತ್ತಿಯ ಮೇಲೆ ನಿಂತಿದ್ದರು. ಷಣ್ಮುಖಪ್ಪನವರು ತಲೆಗೆ ವಸ್ತ್ರ ಸುತ್ತಿಕೊಂಡು ನಗುತ್ತಿದ್ದರು. ಅಂದರೆ ಆ ನೆತ್ತಿಯ ಮೇಲೆ ರೇಂಜ್ ಇತ್ತು. ಅಲ್ಲಿಂದ ಅವರು ಮಲಗಿದ ಮರಕ್ಕೆ ಇಪ್ಪತ್ತೈದು ನಿಮಿಷದ ನಡಿಗೆ, ವಯಸ್ಸಾದವರ ನಡಿಗೆಯಲ್ಲಿ. ಒಂದೂವರೆ ಕಿಲೋಮೀಟರ್. ಧರ್ಮೇಶ್ ಹಿಂದಕ್ಕೆ ಓಡಿದ್ದರೆ ಎರಡೂ ಇಪ್ಪತ್ತಕ್ಕೆ ಫೋನು, ಮೂರೂ ಇಪ್ಪತ್ತಕ್ಕೆ ಜೀಪು. ಅರ್ಧ ಗಂಟೆ ಉಳಿಯುತ್ತಿತ್ತು. ಆ ಅರ್ಧ ಗಂಟೆಯಲ್ಲಿ ಜೀವ ಉಳಿಯುತ್ತಿತ್ತೇ ಎಂದು ಯಾವ ಡಾಕ್ಟರನ್ನೂ ಅವನು ಕೇಳಲಿಲ್ಲ. ಮೆಸೇಜಿನ ವಿಷಯವನ್ನು ಯಾರಿಗೂ ಹೇಳಲಿಲ್ಲ. ಮರು ವರ್ಷ ಬೆನ್ನುನೋವೆಂದು ಯಾತ್ರೆಯನ್ನೇ ಕೈಬಿಟ್ಟ.

ಈ ವರ್ಷ ಸಂಕ್ರಾಂತಿ ಕಳೆದ ವಾರ ಷಣ್ಮುಖಪ್ಪನವರ ಹೆಂಡತಿ ತೀರ್ಥಮ್ಮ ಅಂಗಡಿಗೆ ಬಂದರು. ಜೊತೆಗೆ ಮಗಳು ಸುಮನಾ, ಕಡೂರಿನ ಪ್ರೌಢಶಾಲೆಯಲ್ಲಿ ವಿಜ್ಞಾನ ಹೇಳಿಕೊಡುವವಳು.

"ಅವರ ಯಾತ್ರೆ ಅರ್ಧಕ್ಕೆ ನಿಂತೈತೆ ಕಣಪ್ಪ. ಉಳಿದಿದ್ದು ನಾನ್ ನಡೀತೀನಿ. ಹೆಸ್ರು ಬರ್ಕೋ," ಎಂದರು ತೀರ್ಥಮ್ಮ.

"ಅಕ್ಕ, ನಾನು ಈ ವರ್ಷಾನೂ..."

"ಬೆನ್ನುನೋವು ಅಂತ ಹೇಳ್ಬ್ಯಾಡ. ಈಗ ತಾನೆ ಆ ಮೋಟರ್ ಎತ್ತಿ ಇಟ್ಟಿದ್ದು ನೋಡಿದೀನಿ."

ಸುಮನಾಗೆ ನಗು ಬಂತು, ತಡೆದುಕೊಂಡಳು. "ಅಮ್ಮನ್ನ ಕಳಿಸ್ತೀನಿ ಮಾವ. ಆದ್ರೆ ಅಪ್ಪಂಗೆ ಆದಂಗೆ ಆಗ್ಬಾರ್ದು. ಟವರ್ ಇಲ್ದೆ ನೇರ ಉಪಗ್ರಹಕ್ಕೇ ಮೆಸೇಜ್ ಕಳಿಸೋ ಸಾಧನಗಳು ಬಂದಿದಾವೆ. ಅಂಥದ್ದೊಂದು ನಿಮ್ಮ ಕೈಲಿದ್ರೆ ಅಮ್ಮ ಬರ್ತಾಳೆ. ಇಲ್ದಿದ್ರೆ ಇಲ್ಲ."

ಓಂಕಾರೇಶನ ಎದೆಯ ಮೇಲಿನ ಭಾರ ಸ್ವಲ್ಪ ಸರಿದಂತಾಯಿತು. ಅಂಥ ಸಾಧನ ಇದ್ದರೆ ಮುಂದಕ್ಕೋ ಹಿಂದಕ್ಕೋ ಎಂಬ ಪ್ರಶ್ನೆಯೇ ಏಳುವುದಿಲ್ಲ. ನಿಂತ ಜಾಗದಿಂದಲೇ ಸುದ್ದಿ ಹೋಗುತ್ತದೆ. ಆ ಗುಡ್ಡದ ನೆತ್ತಿಯ ಮಾತನ್ನು ಯಾರೂ ಎತ್ತಬೇಕಾಗುವುದಿಲ್ಲ.

ಮೂರು ಭಾನುವಾರ ಇಬ್ಬರೂ ಅಂಗಡಿಯಲ್ಲಿ ಕುಳಿತು ಹುಡುಕಿದರು. ಸುಮನಾ ಓದಿ ಹೇಳುವಳು, ಓಂಕಾರೇಶ ಬಿಲ್ಲಿನ ಹಿಂಬದಿಯಲ್ಲಿ ಬರೆದುಕೊಳ್ಳುವನು. ಒಂದು ಬಗೆಯದರಲ್ಲಿ ಗುಂಡಿ ಒತ್ತಿದರೆ 'ಕ್ಷೇಮ' ಅಥವಾ 'ಸಹಾಯ ಬೇಕು' ಎಂದು ಮೊದಲೇ ಬರೆದಿಟ್ಟ ಮಾತು ಹೋಗುತ್ತದೆ, ಉತ್ತರ ಬರುವುದಿಲ್ಲ. ಅದು ಅಗ್ಗ. "ಹೋಯ್ತೋ ಇಲ್ವೋ ಅಂತ ಹೆಂಗ್ ತಿಳ್ಕಳದು? ಬ್ಯಾಡ," ಎಂದ. ಇನ್ನೊಂದು ಅಂಗೈಯಷ್ಟು ದೊಡ್ಡದು, ಬರೆದು ಕಳಿಸಬಹುದು, ಉತ್ತರವೂ ಬರುತ್ತದೆ. ಬಯಲಿನಲ್ಲಿ ಒಂದೆರಡು ನಿಮಿಷ ಸಾಕು. ಮರದ ಕೆಳಗೆ ಹತ್ತು ನಿಮಿಷ, ಕೆಲವೊಮ್ಮೆ ಇನ್ನೂ ಹೆಚ್ಚು. ಅದಕ್ಕೆ ತಿಂಗಳ ಚಂದಾ ಬೇರೆ. ಉಪಗ್ರಹ ಫೋನಿನಲ್ಲಿ ಮಾತಾಡಲೂಬಹುದು, ಆದರೆ ತೂಕ, ಖರ್ಚು ಎರಡೂ ಜಾಸ್ತಿ, ಬ್ಯಾಟರಿ ಬೇಗ ಇಳಿಯುತ್ತದೆ. ಓಂಕಾರೇಶ ಎರಡನೆಯದರ ಸುತ್ತ ಗೆರೆ ಎಳೆದ. ಆಮೇಲೆ ಎದ್ದು ಹಿತ್ತಲಿಗೆ ಹೋಗಿ ತೆಂಗಿನ ಮರದಡಿ ನಿಂತು ಮೇಲೆ ನೋಡಿದ. ಷಣ್ಮುಖಪ್ಪನವರನ್ನು ಮಲಗಿಸಿದ ಮರದಡಿಯಿಂದ ಆಕಾಶ ಎಷ್ಟು ಕಂಡಿತ್ತು ಎಂದು ನೆನಪಿಸಿಕೊಳ್ಳಲು ಯತ್ನಿಸಿದ. ನೆನಪಾದದ್ದು ಅವರ ಮುಖ ಮಾತ್ರ.

"ಸಹಾಯದ ಗುಂಡಿ ಒತ್ತಿದ್ರೆ ಪರದೇಶದ ಒಂದು ಕಚೇರಿಗೆ ಹೋಗುತ್ತೆ ಮಾವ," ಎಂದಳು ಸುಮನಾ. "ಅವ್ರು ಇಲ್ಲಿ ಯಾರಿಗೆ ಹೇಳ್ತಾರೋ ಗೊತ್ತಿಲ್ಲ. ಅದಕ್ಕೆ ನನ್ ನಂಬರೂ ಇರ್ಲಿ. ಆ ನಾಲ್ಕ್ ದಿನ ನಾನು ರಜ ಹಾಕಿ ಫೋನ್ ಪಕ್ಕದಲ್ಲೇ ಕೂತಿರ್ತೀನಿ."

ಸುದ್ದಿ ಯಗಟಿಯವರೆಗೆ ಹೋಯಿತು. ನಂಜುಂಡಪ್ಪನವರು ಸುಟ್ಟ ಮೋಟಾರನ್ನು ಗೂಡ್ಸ್ ಆಟೋದಲ್ಲಿ ಹಾಕಿಕೊಂಡು ಬಂದವರು ಬಾಗಿಲಲ್ಲೇ ಶುರುಮಾಡಿದರು.

"ಏನ್ಲೇ ಓಂಕಾರಿ, ಮಲ್ಲಯ್ಯಂಗೇ ಫೋನ್ ಹಚ್ತೀಯಂತೆ?"

"ಮಲ್ಲಯ್ಯಂಗಲ್ಲ ದೊಡ್ಡಪ್ಪ, ಸುಮನಂಗೆ."

"ಕಡೂರಲ್ಲಿರೋ ಹುಡುಗಿ ಹತ್ರ ಮಾತಾಡಕ್ಕೆ ಆಕಾಶಕ್ ಯಾಕ್ ಹೋಗ್ಬೇಕೋ? ಬಸ್ ಹತ್ತು."

"ಕಾಡೊಳಗೆ ಕಡೂರ್ ಬಸ್ ಬರಲ್ವಲ್ಲ."

"ಅದೂ ನಿಜ ಬಿಡು. ಅದ್ರಲ್ಲಿ ಹಲ್ಲಿನ ಸೆಟ್ಟು ತರಿಸ್ಬೋದಾ ಕೇಳು."

ನಾಲ್ಕನೇ ಭಾನುವಾರ ಸುಮನಾ ಬಂದಾಗ ಮುಖ ಇಳಿದಿತ್ತು. ಕೊಳ್ಳುವುದು ಎಲ್ಲಿ ಎಂದು ಹುಡುಕುತ್ತಾ ಹೋದವಳಿಗೆ ಕಾನೂನು ಎದುರಾಗಿತ್ತು. ಅಂಥ ಸಾಧನವನ್ನು ದೂರಸಂಪರ್ಕ ಇಲಾಖೆಯ ಪರವಾನಗಿ ಇಲ್ಲದೆ ನಮ್ಮ ದೇಶದಲ್ಲಿ ಬಳಸುವಂತಿಲ್ಲ, ಇಟ್ಟುಕೊಳ್ಳುವಂತೆಯೂ ಇಲ್ಲ. ಬ್ಯಾಗಿನಲ್ಲಿ ಇಟ್ಟುಕೊಂಡು ಬಂದ ವಿದೇಶಿ ಪ್ರವಾಸಿಗರನ್ನು ವಿಮಾನ ನಿಲ್ದಾಣದಲ್ಲೇ ಹಿಡಿದಿದ್ದರು.

"ಅರ್ಜಿ ಹಾಕಿದ್ರೆ?"

"ನಾಲ್ಕ್ ದಿನದ ಯಾತ್ರೆಗೆ ಅಂದ್ರೆ ಯಾರ್ ಕೊಡ್ತಾರೆ ಮಾವ? ಕೊಟ್ರೂ ಅಷ್ಟೊತ್ತಿಗೆ ಯುಗಾದಿ ಮುಗ್ದಿರುತ್ತೆ."

"ಹೊಸ ಫೋನಲ್ಲೇ ಆ ಉಪಗ್ರಹದ ಮೆಸೇಜು ಬತ್ತದಂತಲ್ಲ?"

"ಬರುತ್ತೆ. ಇಲ್ಲಿ ಅದು ಕೆಲ್ಸ ಮಾಡಲ್ಲ."

ವಾಕಿಟಾಕಿಯ ಮಾತೂ ಬಂತು. ಗುಡ್ಡಗಳ ನಡುವೆ ಒಂದೆರಡು ಕಿಲೋಮೀಟರ್ ದಾಟುವುದಿಲ್ಲ. ದಾಟಿದರೂ ಆ ತುದಿಯಲ್ಲಿ ಕೇಳಿಸಿಕೊಳ್ಳುವವರು ಯಾರು? ಸುಮನಾ ಬ್ಯಾಗಿನಿಂದ ಒಂದು ದೊಡ್ಡ ಹಾಳೆ ತೆಗೆದು ಹರವಿದಳು. ಕಾಡುದಾರಿಯನ್ನು ಆಗಲೇ ಪೆನ್ಸಿಲಿನಲ್ಲಿ ಬರೆದಿದ್ದಳು.

"ಇನ್ನೊಂದೇ ದಾರಿ ಉಳಿದಿರೋದು. ಎಲ್ಲೆಲ್ಲಿ ರೇಂಜ್ ಸಿಗುತ್ತೆ ಅಂತ ಗುರುತು ಹಾಕ್ಕೊಳ್ಳೋಣ. ಎಲ್ಲಿ ಏನೇ ಆದ್ರೂ ಹತ್ತಿರದ ಗುರುತು ಯಾವ್ದು ಅಂತ ಗೊತ್ತಿರುತ್ತೆ. ಹಳಬ್ರನ್ನೆಲ್ಲ ಕೇಳ್ತೀನಿ. ಮೊದಲು ನೀವ್ ಹೇಳಿ. ಮೂರನೇ ದಿನ ನಿಮ್ ಫೋನಿಗೆ ಎಲ್ಲಾದ್ರೂ ರೇಂಜ್ ಸಿಕ್ಕಿತ್ತಾ?"

"ಇಲ್ಲ," ಎಂದ ಓಂಕಾರೇಶ.

ಸುಮನಾ ಮೂರನೇ ದಿನದ ದಾರಿಯ ಉದ್ದಕ್ಕೂ ಸಣ್ಣ ಸಣ್ಣ ಗೀಟು ಹಾಕಿದಳು. ರೇಂಜ್ ಇಲ್ಲ ಎಂದು ಅದರ ಅರ್ಥ. ಅವಳ ಪೆನ್ಸಿಲು ಗುಡ್ಡದ ನೆತ್ತಿಯನ್ನು ದಾಟಿ ಮುಂದೆ ಹೋಯಿತು.

ಆ ಸೋಮವಾರ ಅವನು ಸುತ್ತಿದ ಒಂದು ಕಾಯಿಲನ್ನು ಮೂರು ಸಲ ಬಿಚ್ಚಬೇಕಾಯಿತು. ಮೂರನೇ ಸಲ ತಂತಿಯನ್ನು ನೆಲಕ್ಕೆ ಹಾಕಿದ. ಎರಡು ವರ್ಷ ಸುಮ್ಮನಿದ್ದದ್ದು ಒಂದು ತಪ್ಪು. ಅದು ಅವನೊಬ್ಬನದು, ಆಗಿಹೋದದ್ದು. ಆದರೆ ಈ ಹಾಳೆಯನ್ನು ಹಿಡಿದು ನಾಳೆ ಇನ್ನೊಬ್ಬರು ಆ ದಾರಿಯಲ್ಲಿ ನಡೆಯುತ್ತಾರೆ. ಅದೇ ಮರದ ಹತ್ತಿರ ಯಾರಾದರೂ ಕುಸಿದರೆ, ಹಾಳೆ ನೋಡಿ ಮತ್ತೆ ಮುಂದಕ್ಕೇ ಓಡುತ್ತಾರೆ. ಬಹುಶಃ ತೀರ್ಥಮ್ಮನವರಿಗಾಗಿಯೇ ಓಡುತ್ತಾರೆ.

ಮರುದಿನ ಬೆಳಗಿನ ಬಸ್ಸಿಗೆ ಶಿವನಿಗೆ ಹೋದ. ತೀರ್ಥಮ್ಮ ಜಗಲಿಯ ಮೇಲೆ ಅವರೆಕಾಯಿ ಸುಲಿಯುತ್ತಿದ್ದರು. ಕಾಫಿ ತರಲು ಎದ್ದವರನ್ನು ಬೇಡವೆಂದು ಕೂರಿಸಿ, ಫೋನು ತೆಗೆದು ಮೊದಲು ಮೆಸೇಜ್ ತೋರಿಸಿದ, ಆಮೇಲೆ ಫೋಟೋ. ಎರಡರ ಹೊತ್ತನ್ನೂ ಓದಿ ಹೇಳಿದ. ಧರ್ಮೇಶ್ ಕೇಳಿದ್ದನ್ನು, ತಾನು ಬೇಡವೆಂದದ್ದನ್ನು ಹೇಳಿದ.

ತೀರ್ಥಮ್ಮ ಫೋಟೋವನ್ನೇ ನೋಡುತ್ತಿದ್ದರು. ಈ ಫೋಟೋವನ್ನು ಅವರು ಹಿಂದೆ ಕಂಡಿರಲಿಲ್ಲ.

"ಎಷ್ಟ್ ದೂರ ಅಂದೆ?"

"ಒಂದೂವರೆ ಕಿಲೋಮೀಟರ್, ಅಕ್ಕ."

"ಇಲ್ಲಿಂದ ನಮ್ಮೂರ ಸ್ಟೇಷನ್ ಇದ್ದಂಗೆ?"

"ಅದಕ್ಕಿಂತ ಒಂಚೂರು ಜಾಸ್ತಿ."

ಅವರು ಬೀದಿಯ ಕಡೆ ತಿರುಗಿ, ಸ್ಟೇಷನ್ನಿನ ದಿಕ್ಕಿಗೆ ತುಂಬ ಹೊತ್ತು ನೋಡಿದರು.

"ಎರಡು ವರ್ಷ ಇದನ್ನ ಹೊಟ್ಟೇಲಿ ಇಟ್ಕಂಡು ನಮ್ಮನೆಗೆ ಬಂದು ಊಟ ಮಾಡ್ಕಂಡ್ ಹೋಗ್ತಿದ್ದೆ."

ಓಂಕಾರೇಶ ಫೋನನ್ನು ಜಗಲಿಯ ಮೇಲಿಟ್ಟ.

"ಸುಮನಂಗೆ ಗೊತ್ತಾ?"

"ಕೇಳಿದ್ಲು. ಇಲ್ಲ ಅಂದ್ಬಿಟ್ಟೆ."

"ನಾನ್ ಹೇಳಲ್ಲ. ನೀನೇ ಹೇಳು. ಅವ್ಳಿಗೂ ಹೇಳು, ಎಲ್ರಿಗೂ ಹೇಳು. ಅವ್ರೂ ಜೀವಾನ ನಿನ್ ಕೈಲಿಟ್ಟೇ ಬರೋದಲ್ವಾ ನಿನ್ ಹಿಂದೆ."

ಮುಂದಿನ ಭಾನುವಾರ ಅಜ್ಜಂಪುರದ ಮಠದ ಹಜಾರದಲ್ಲಿ ಎಲ್ಲರೂ ಸೇರಿದರು. ಓಂಕಾರೇಶ ನಿಂತುಕೊಂಡು, ಗಂಟೆ ನಿಮಿಷ ಸಮೇತ ಎಲ್ಲವನ್ನೂ ಹೇಳಿದ. ಧರ್ಮೇಶ್ ತಲೆ ತಗ್ಗಿಸಿ ಕುಳಿತಿದ್ದ. ಸುಮನಾ ಗೋಡೆಗೊರಗಿ ನಿಂತಿದ್ದಳು. ಅವಳು ಓಂಕಾರೇಶನನ್ನು ನೋಡಲಿಲ್ಲ. ಕೊನೆಗೆ ಅವನು ಹೇಳಿದ: ಇನ್ನು ಮುಂದೆ ಯಾರಿಗಾದರೂ ಏನಾದರೂ ಆದರೆ ಒಬ್ಬ ಮುಂದಕ್ಕೆ ಓಡಬೇಕು, ಒಬ್ಬ ಹಿಂದಕ್ಕೆ ಓಡಬೇಕು. ಇದಕ್ಕೆ ಒಪ್ಪುವವರಷ್ಟೇ ಹೆಸರು ಕೊಡಲಿ.

"ಹಿಂದಕ್ಕೆ ನಡ್ದ್ರೆ ಅದು ಯಾತ್ರೆ ಹೆಂಗಾಯ್ತದೋ?" ಎಂದರು ನಂಜುಂಡಪ್ಪ. ಈ ಸಲ ಅವರ ದನಿಯಲ್ಲಿ ತಮಾಷೆ ಇರಲಿಲ್ಲ.

"ಆಗ್ದಿದ್ರೆ ಯಾತ್ರೆ ಆಗೋದೇ ಬ್ಯಾಡ ದೊಡ್ಡಪ್ಪ. ಜನಾನ ಮನೆಗ್ ವಾಪಸ್ ಕರ್ಕಂಡ್ ಬರ್ಬೇಕಲ್ಲ ನಾನು."

"ನಿಮ್ಮಪ್ಪ ಇದ್ದಿದ್ರೆ ಈ ಮಾತಾಡ್ತಿದ್ನಾ?"

"ಗೊತ್ತಿಲ್ಲ. ಅವ್ರ ಕಾಲದಲ್ಲಿ ಹಿಂದಕ್ ಹೋದ್ರೂ ಫೋನಿರ್ಲಿಲ್ಲ."

ನಂಜುಂಡಪ್ಪನವರು ಎದ್ದರು. ಅವರ ಹಿಂದೆ ಇನ್ನೂ ಹನ್ನೆರಡು ಜನ ಎದ್ದರು. ಜಗಳವಾಗಲಿಲ್ಲ. ಹೋಗುವಾಗ ಹಜಾರದ ಮೂಲೆಯಲ್ಲಿದ್ದ ಕಂಬಿಯನ್ನು ಅವರೇ ಹೆಗಲಿಗೆತ್ತಿಕೊಂಡರು. ಬೇರೆ ತಂಡದೊಡನೆ ಹೋಗುವುದಾಗಿ ಹೇಳಿದರು. ಓಂಕಾರೇಶ ತಡೆಯಲಿಲ್ಲ. ಉಳಿದವರ ಹೆಸರು ಬರೆದುಕೊಳ್ಳುತ್ತಾ ಬಂದು ತೀರ್ಥಮ್ಮನವರ ಮುಂದೆ ನಿಂತ.

"ನನ್ನೆಸ್ರು ಹೊಡ್ದಾಕು," ಎಂದರು.

"ಅಕ್ಕ..."

"ನಿನ್ ಮೇಲೆ ಸಿಟ್ಟಿಲ್ಲ ಅಂತ ಹೇಳಕ್ಕಾಗಲ್ಲ ಕಣಪ್ಪ. ಐತೆ. ಆದ್ರೆ ಅದಕ್ಕಲ್ಲ. ಪೂರ್ತಿ ಕಾಡು ನಡೀತೀನಿ ಅನ್ಕಂಡಿದ್ದೆ. ಆ ಗುಡ್ಡದಿಂದ ಆ ಮರದ ತನಕ ನಂಗ್ ನಡಿಯಕ್ಕಾಗಲ್ಲ."

ಅವನು ಹೆಸರಿನ ಮೇಲೆ ಗೆರೆ ಎಳೆದ. ಒಂಬತ್ತು ಹೆಸರು ಉಳಿದವು, ತನ್ನದೂ ಸೇರಿ.

ಮೂರು ದಿನ ಬಿಟ್ಟು ಕಡೂರಿನ ಬಸ್ಸಿನ ಕಂಡಕ್ಟರು ಅಂಗಡಿಯ ಮುಂದೆ ಇಳಿದು ಒಂದು ಕವರು ಕೊಟ್ಟು ಹೋದ. ಒಳಗೆ ಕಾಡುದಾರಿಯ ನಕ್ಷೆಯ ಒಂಬತ್ತು ಪ್ರತಿಗಳಿದ್ದವು. ಮೂರನೇ ದಿನದ ದಾರಿಯ ಗೀಟುಗಳನ್ನು ಒಂದು ಕಡೆ ಅಳಿಸಿ, ಗುಡ್ಡದ ನೆತ್ತಿಯ ಮೇಲೆ ಕೆಂಪು ಶಾಯಿಯ ಚುಕ್ಕೆ ಇಟ್ಟಿತ್ತು. ಪ್ರತಿ ಹಾಳೆಯ ಕೆಳಗೂ ಸುಮನಾ ತನ್ನ ಫೋನ್ ನಂಬರು ಬರೆದಿದ್ದಳು. ಓಂಕಾರೇಶ ಕವರನ್ನು ಬೋರಲು ಹಾಕಿ ಕೊಡವಿ ನೋಡಿದ. ಬೇರೆ ಚೀಟಿ ಏನೂ ಇರಲಿಲ್ಲ.